ಕತ್ತರಿ ಅಕ್ಕನ ಕೈಗೆ ಸಿಕ್ಕ ಅಳು

ಸಿನಿಮಾ ಸಂಕಲನ ಮಾಡುವ ಆ ಹೆಂಗಸನ್ನು ಎಲ್ಲರೂ ಕರೆಯುತ್ತಿದ್ದದ್ದು ಕತ್ತರಿ ಅಕ್ಕ ಎಂದೇ. ನಿಜವಾದ ಕತ್ತರಿ ಹಿಡಿದು ಎಷ್ಟೋ ಕಾಲವಾಗಿತ್ತು. ಈಗ ಇದ್ದದ್ದು ಒಂದು ಕೀಬೋರ್ಡು, ಎರಡು ಪರದೆ, ಕಿಟಕಿಯಿಲ್ಲದ ಕೋಣೆ, ಸದಾ ಗುರ್ ಎನ್ನುವ ಏಸಿ. ಆದರೂ ಹೆಸರು ಅಂಟಿಕೊಂಡಿತ್ತು, ಅದಕ್ಕೆ ಅವಳ ನಾಲಿಗೆಯೂ ಒಂದು ಕಾರಣ. ನಿರ್ದೇಶಕನೊಬ್ಬ ತನ್ನ ಮೆಚ್ಚಿನ ಶಾಟ್ ಉಳಿಸಿಕೊಡಿ ಎಂದು ಗೋಗರೆದರೆ, "ಅದನ್ನ ಫೋಟೋ ಮಾಡಿಸಿ ಮನೇಲಿ ನೇತಾಕ್ಕೊಳ್ಳಪ್ಪ, ಸಿನಿಮಾದಲ್ಲಿ ಯಾಕೆ?" ಎಂದುಬಿಡುತ್ತಿದ್ದಳು.

ಇತ್ತೀಚೆಗೆ ಅವಳಿಗೆ ತನ್ನ ಕೆಲಸದ ಮೇಲೇ ಹೇಸಿಗೆ ಹುಟ್ಟಿತ್ತು. ಬರುವ ಸಿನಿಮಾಗಳೆಲ್ಲ ಹಾಗೇ. ಕೊಲೆಯಾದರೆ ನೇರಳೆ ಬೆಳಕು, ಪ್ರೀತಿಯಾದರೆ ತಲೆಕೆಳಗಾದ ಕ್ಯಾಮೆರಾ. ನಡುವೆ ಪಾತ್ರಧಾರಿ ಪ್ರೇಕ್ಷಕರ ಕಡೆ ತಿರುಗಿ ಕಣ್ಣು ಹೊಡೆದು, ಇದೆಲ್ಲ ಬರೀ ಸಿನಿಮಾ ಕಣ್ರೀ ಅನ್ನಬೇಕು. ಹಳೆಯ ಹತ್ತು ಚಿತ್ರಗಳಿಂದ ಚೂರುಪಾರು ಕಿತ್ತು ತಂದು ಅಂಟಿಸಿದರೆ ಅದಕ್ಕೆ ಗೌರವ ಸಲ್ಲಿಸಿದ್ದು ಎಂದು ಹೆಸರು. ಕಥೆ ಎಲ್ಲಿ ಎಂದು ಕೇಳಿದವರೇ ದಡ್ಡರು. ಥೂ!

ಈ ಸಲದ ನಿರ್ದೇಶಕ ಕತ್ತಲೆ ಕೋಣೆಯಲ್ಲೂ ಕಪ್ಪು ಕನ್ನಡಕ ತೆಗೆಯದ ಆಸಾಮಿ. ಅವಳು ಅವನನ್ನು ಕನ್ನಡಕ ಎಂದೇ ಕರೆಯುತ್ತಿದ್ದಳು, ಅದೂ ಎದುರಿಗೇ. ಅವನಿಗೆ ಅದು ಬಿರುದಿನ ಹಾಗೆ ಕೇಳಿಸುತ್ತಿತ್ತು. ಇಂಥವನ ಕೆಲಸವನ್ನು ಅವಳು ಒಪ್ಪಿಕೊಂಡದ್ದು ಅಣ್ಣನಿಗೋಸ್ಕರ.

ಅಣ್ಣ ಸಣ್ಣಪುಟ್ಟ ಪಾತ್ರಗಳ ನಟ. ನ್ಯಾಯಾಧೀಶ, ಪೋಸ್ಟ್‌ಮ್ಯಾನ್, ಹುಡುಗಿಯ ಮಾವ, ಹೆಚ್ಚೆಂದರೆ ಎರಡು ಮಾತು. ಕೆಲವು ವರ್ಷಗಳ ಹಿಂದೆ ಅವನ ಒಬ್ಬಳೇ ಮಗಳು ರಸ್ತೆ ದಾಟುವಾಗ ಬಸ್ಸಿಗೆ ಸಿಕ್ಕಿ ಸತ್ತುಹೋದಳು. ಅಣ್ಣ ಅಳಲಿಲ್ಲ. ಆಸ್ಪತ್ರೆಯಲ್ಲೂ ಇಲ್ಲ, ಎಲ್ಲ ಮುಗಿಸಿ ಮನೆಗೆ ಬಂದ ಮೇಲೂ ಇಲ್ಲ. ಪೊಲೀಸ್ ಠಾಣೆಗೆ ಓಡಾಡಿದ, ನೋಡಲು ಬಂದವರಿಗೆ ಕುರ್ಚಿ ಹಾಕಿದ. ಅತ್ತಿಗೆ ಅದನ್ನು ಮರೆಯಲಿಲ್ಲ. "ಕಲ್ಲು ಕಣೇ ನಿಮ್ಮಣ್ಣ. ಮಗಳು ಹೋದ್ರೂ ಒಂದು ಹನಿ ಕಣ್ಣೀರು ಹಾಕಲಿಲ್ಲ" ಎಂದು ಕತ್ತರಿ ಅಕ್ಕನ ಮುಂದೆ ಹೇಳುತ್ತಲೇ ಇದ್ದಳು. ಗಂಡನ ಜೊತೆ ಅವಳದು ಊಟಕ್ಕೆ ಬನ್ನಿ, ಬಾಗಿಲು ಹಾಕ್ಕೊಳ್ಳಿ, ಇಷ್ಟೇ ಮಾತು.

ಈ ಸಿನಿಮಾದಲ್ಲಿ ಅಣ್ಣನಿಗೆ ಸಿಕ್ಕಿದ್ದು ಶವಾಗಾರದಲ್ಲಿ ಮಗಳನ್ನು ಗುರುತಿಸುವ ತಂದೆಯ ಪಾತ್ರ. ಮಾತಿಲ್ಲ. ಹೊದಿಕೆ ಸರಿಸುತ್ತಾರೆ, ಅವನು ನೋಡಬೇಕು, ಅಷ್ಟೇ. ಚಿತ್ರೀಕರಣದ ದಿನ ನೋಡುತ್ತ ನಿಂತವನು, ಮಗುವಿಗೆ ಚಳಿಯಾದೀತು ಎಂಬಂತೆ ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದು ಸರಿಮಾಡಿದ. ಆಮೇಲೆ ಅತ್ತ. ಕಟ್ ಎಂದ ಮೇಲೂ ಅಳು ನಿಲ್ಲಲಿಲ್ಲ. ಆ ದೃಶ್ಯ ತನ್ನ ಕೋಣೆಗೆ ಬಂದಾಗ ಕತ್ತರಿ ಅಕ್ಕ ಪೂರ್ತಿ ನೋಡಿ, ಚಿಲಕ ಹಾಕಿಕೊಂಡು ತಾನೂ ಅತ್ತಳು.

ಸಂಜೆ ಅಣ್ಣನ ಫೋನ್ ಬಂತು. "ನೋಡಿದ್ಯಾ?"

"ನೋಡ್ದೆ ಅಣ್ಣ."

"ನಿಮ್ಮತ್ತಿಗೆಗೆ ನಾನಾಗಿ ಹೇಳೋಕೆ ಬಾಯೇ ಬರಲ್ಲ ಕಣೇ. ಥಿಯೇಟರಲ್ಲೇ ನೋಡ್ಲಿ. ಅದನ್ನ ಹಾಗೇ ಇಡ್ತೀಯ ತಾನೇ?"

"ನನ್ನ ಕೈಲಿದೆ ಬಿಡು. ಯಾವನು ಮುಟ್ತಾನೋ ನೋಡೇಬಿಡ್ತೀನಿ."

ಮುಟ್ಟುವವನು ಮಾರನೆಯ ದಿನವೇ ಬಂದ. "ಅಕ್ಕಾ, ಇದು ತುಂಬಾ ಗೋಳು. ಈ ಕಾಲದಲ್ಲಿ ಯಾರು ಹೀಗೆ ಅಳ್ತಾರೆ? ಸ್ವಲ್ಪ ಕೂಲಾಗಿ ಮಾಡಿ."

"ಅವನ ಮಗಳು ಸತ್ತಿದ್ದಾಳೆ ಕಣಯ್ಯ, ಐಸ್‌ಕ್ರೀಂ ತಿನ್ನೋಕೆ ಬಂದಿಲ್ಲ ಅವನು!"

"ಅದೇ ಅಕ್ಕಾ ಪ್ರಾಬ್ಲಮ್ಮು. ಸತ್ತಿದ್ದಾಳೆ ಅಂತ ಜನ ನಂಬಿಬಿಟ್ರೆ ಆಟವೇ ಮುಗೀತು."

ದಿನಗಟ್ಟಲೆ ಇದೇ ರಾಮಾಯಣ. ಅವಳ ಪಿತ್ತ ನೆತ್ತಿಗೇರಿತು. ಇವನಿಗೆ ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ, ಇವನ ಹೊಲಸನ್ನು ಇವನ ಮುಖಕ್ಕೇ ಹಿಡಿದರೆ ನಾಚಿಕೆಯಾದೀತು ಎಂದುಕೊಂಡಳು. ಹಲ್ಲು ಕಚ್ಚಿಕೊಂಡು ಕೂತು ಅಣ್ಣನ ಅಳುವನ್ನು ಚೂರುಚೂರು ಮಾಡಿದಳು. ಒಂದೊಂದು ಬಿಕ್ಕಿಗೂ ಒಂದೊಂದು ಡ್ರಮ್ಮಿನ ಪೆಟ್ಟು. ಮುಖಕ್ಕೆ ಗುಲಾಬಿ, ಹಸಿರು, ಮತ್ತೆ ಗುಲಾಬಿ. ಕೊನೆಗೆ, ಕೆನ್ನೆಯ ಮೇಲೆ ಇಳಿದ ಹನಿಯನ್ನು ಹಿಂದುಮುಂದಾಗಿ ಓಡಿಸಿದಳು. ಹನಿ ಕೆನ್ನೆ ಹತ್ತಿ ಕಣ್ಣೊಳಗೆ ಹೋಗಿ ಕೂತಿತು. ಈಗಲಾದರೂ ಕತ್ತೆಗೆ ಬುದ್ಧಿ ಬರಲಿ ಎಂದು ಅವನನ್ನು ಕರೆದು ತೋರಿಸಿದಳು.

ಆಸಾಮಿ ಮೊದಲ ಸಲ ಕನ್ನಡಕ ತೆಗೆದ. ಅವಳ ಎರಡೂ ಕೈ ಹಿಡಿದುಕೊಂಡ. "ಅಕ್ಕಾ, ಇದೇ! ನನಗೆ ಇದೇ ಬೇಕಾಗಿತ್ತು! ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಇದನ್ನ?"

"ಲೋ, ನಿನ್ನನ್ನ ಅಣಕಿಸೋಕೆ ಮಾಡಿದ್ದು ಕಣೋ ಅದು!"

"ಗೊತ್ತಾಯ್ತು ಅಕ್ಕಾ! ಸಿನಿಮಾ ತನ್ನನ್ನ ತಾನೇ ಅಣಕಿಸ್ಕೊಳ್ಳುತ್ತೆ. ಅದೇ ಅದರ ಮಜಾ!"

ಬೈದಳು, ಬೇಡಿಕೊಂಡಳು, ಕೆಲಸ ಬಿಡುತ್ತೇನೆ ಎಂದಳು. ಅಷ್ಟರಲ್ಲಿ ನಿರ್ಮಾಪಕನೂ ನೋಡಿ ಕುಣಿದಾಡಿಯಾಗಿತ್ತು. ಅಣ್ಣನ ಫೋನ್ ಬಂದಾಗಲೆಲ್ಲ, ಇನ್ನೂ ಕೆಲಸ ನಡೀತಿದೆ ಅಣ್ಣ ಎಂದು ಜಾರಿಕೊಂಡಳು. ಕೊನೇ ಗಳಿಗೆಯಲ್ಲಾದರೂ ತೆಗೆಸುತ್ತೇನೆ ಎಂಬ ಹುಚ್ಚು ಧೈರ್ಯ ಅವಳಿಗೆ.

ತೆಗೆಸಲಾಗಲಿಲ್ಲ. ಮೊದಲ ಪ್ರದರ್ಶನದ ಮಧ್ಯಾಹ್ನ ಅಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅತ್ತಿಗೆಯನ್ನು ಕರೆದುಕೊಂಡು ಬಂದ. ಬಾಗಿಲಲ್ಲೇ ತಡೆದು ಹೇಳಿಬಿಡಬೇಕೆಂದು ಕತ್ತರಿ ಅಕ್ಕ ಕಾದು ನಿಂತಿದ್ದಳು. ಅವನ ಅರಳಿದ ಮುಖ ನೋಡಿದ್ದೇ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಹೇಡಿಯ ಹಾಗೆ ಅತ್ತಿಗೆಯ ಪಕ್ಕದ ಸೀಟಿನಲ್ಲಿ ಹೋಗಿ ಕೂತಳು.

ಗುಲಾಬಿ, ಹಸಿರು, ಡ್ರಮ್ಮು. ಹನಿ ಮೇಲೇರತೊಡಗಿದಾಗ ಜನ ನಕ್ಕರು. ಕಣ್ಣೊಳಗೆ ಹೊಕ್ಕಾಗ ಶಿಳ್ಳೆ ಹೊಡೆದರು. ಒನ್ಸ್ ಮೋರ್ ಎಂದು ಯಾರೋ ಕೂಗಿದರು. ಅಣ್ಣ ತಲೆ ತಗ್ಗಿಸಿ ತನ್ನ ಕೈಗಳನ್ನು ನೋಡುತ್ತ ಕೂತುಬಿಟ್ಟ. ಅತ್ತಿಗೆ ಎದ್ದು ಹೊರಗೆ ನಡೆದಳು. ಕತ್ತರಿ ಅಕ್ಕ ಹಿಂದೆಯೇ ಓಡಿದಳು.

"ನೋಡಿದ್ಯೇನೇ?" ಅತ್ತಿಗೆ ಗೋಡೆಗೆ ಕೈ ಕೊಟ್ಟು ನಿಂತಿದ್ದಳು. "ಸಿನಿಮಾದಲ್ಲೂ ಅಳಲಿಲ್ಲ. ಬಂದ ಒಂದು ಹನೀನೂ ಒಳಗೆ ಎಳ್ಕೊಂಡ್ರು."

"ಇಲ್ಲ ಅತ್ತಿಗೆ, ಅಣ್ಣ ಅತ್ತಿದ್ದ. ನಿಜವಾಗ್ಲೂ ಅತ್ತಿದ್ದ. ಅದನ್ನ ವಾಪಸ್ ಒಳಗೆ ಕಳಿಸಿದ್ದು ನಾನು."

ಅತ್ತಿಗೆ ತಿರುಗಿ ಅವಳ ಮುಖವನ್ನೇ ನೋಡಿದಳು. "ನೀನಾ? ಯಾಕೆ?"

ಒಳಗೆ ಇನ್ನೂ ನಗು ನಡೆದೇ ಇತ್ತು. ಎಂಥ ನಿರ್ದೇಶಕನಿಗೂ ಎದುರು ಮಾತಾಡುತ್ತಿದ್ದವಳಿಗೆ ಈಗ ಇದ್ದದ್ದು ಒಂದೇ ಉತ್ತರ.

"ತಮಾಷೆಗೆ, ಅತ್ತಿಗೆ" ಎಂದಳು.