ಗುಡುಗಣ್ಣನ ಗಡ್ಡ

ನಮ್ಮ ಗುಡುಗಣ್ಣ ಪಿಸುಮಾತಾಡಿದರೆ ಎರಡು ಬೀದಿಯಾಚೆ ಹಾಲಿನವಳು "ಏನಂದ್ರಿ?" ಎಂದು ತಿರುಗಿ ಕೇಳುತ್ತಿದ್ದಳಂತೆ. ಅವನು ಸೀನಿದ ದಿನ ಗಂಟೆಗೋಪುರದಿಂದ ಹಾರಿಹೋದ ಪಾರಿವಾಳಗಳು ಇನ್ನೂ ವಾಪಸಾಗಿಲ್ಲ ಎನ್ನುವವರಿದ್ದಾರೆ. ತನ್ನ ಮದುವೆಯಲ್ಲಿ ಅವನು "ಒಪ್ಪಿದ್ದೇನೆ" ಎಂದದ್ದಕ್ಕೆ ಹಿಂದಿನ ಬೀದಿಯ ಮದುವೆಯ ವಧುವೂ ನಾಚಿಕೊಂಡಳು ಎಂಬುದಕ್ಕೆ ಮಾತ್ರ ನಾನು ಸಾಕ್ಷಿಯಲ್ಲ.

ಈ ಮಹಾಕಂಠದ ಒಡೆಯ ಹೊಟ್ಟೆಪಾಡಿಗೆ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ. ಹಾಳೆ ಜೋಡಿಸು, ಹೊಲಿ, ಒತ್ತಿಡು. ಬಾಯಿಗೆ ಕೆಲಸವೇ ಇಲ್ಲ. ವರ್ಷವಿಡೀ ಅದುಮಿಟ್ಟ ಗುಡುಗನ್ನು ಅವನು ಕ್ರಿಸ್‌ಮಸ್ ಹಿಂದಿನ ಸಂಜೆ ಚರ್ಚಿನಲ್ಲಿ ಬಿಚ್ಚುತ್ತಿದ್ದ. ಬೈಬಲಿನಿಂದ ಯೇಸು ಹುಟ್ಟಿದ ಪಾಠ ಓದುವುದು ಇಪ್ಪತ್ತೆರಡು ವರ್ಷದಿಂದ ಅವನದೇ. ಮೈಕಿನ ಹಂಗಿರಲಿಲ್ಲ.

ಆ ವರ್ಷ ಆಟಿಕೆ ಅಂಗಡಿಯವನು ಆ ಕಂಠದ ಮೇಲೆ ಕಣ್ಣು ಹಾಕಿದ. ಕೆಂಪು ಕೋಟು, ಬಿಳಿ ಗಡ್ಡ, ಹೊಟ್ಟೆಗೊಂದು ದಿಂಬು. ಕ್ರಿಸ್‌ಮಸ್ ತಾತನಾಗಿ ಬಾಗಿಲಲ್ಲಿ ನಿಂತು "ಹೋ ಹೋ" ಎಂದು ನಗಬೇಕು, ರಿಯಾಯಿತಿ ಸಾರಬೇಕು. ಗುಡುಗಣ್ಣ ಹಿಗ್ಗಿ ಒಪ್ಪಿಕೊಂಡ. ಪಾದ್ರಿಗಳು ಹಿಗ್ಗಲಿಲ್ಲ. ಆ ಸಲದ ಹಬ್ಬಕ್ಕೆ ಅವರು ಬರೆಯುತ್ತಿದ್ದ ಪ್ರಸಂಗವೇ, ಗೋದಲಿಯ ಮಗುವನ್ನು ಮೂಲೆಗೆ ತಳ್ಳಿ ವ್ಯಾಪಾರಕ್ಕೆ ನಿಂತ ಕೆಂಪು ಕೋಟಿನ ತಾತನ ಮೇಲಿತ್ತು.

"ಅಂಗಡೀಲಿ ಹೇಗಾದ್ರೂ ಕುಣಿಯಪ್ಪ," ಎಂದರು. "ಆ ವೇಷದ ಒಂದು ಎಳೆ ಇಲ್ಲಿ ಕಂಡ್ರೂ ಪಾಠ ಟೀಚರಮ್ಮ ಓದ್ತಾರೆ. ಈ ವರ್ಷ ಮಾತ್ರ ಅಲ್ಲ, ಮುಂದಕ್ಕೂ."

ಆರ್ಗನ್ ನುಡಿಸುವ ಟೀಚರಮ್ಮ ಅಂದೇ ಕನ್ನಡಕ ಒರೆಸಿಕೊಂಡು ಸಿದ್ಧರಾದರು.

ಕ್ರಿಸ್‌ಮಸ್ ಹಿಂದಿನ ಸಂಜೆ ಎರಡನೇ ಕೀರ್ತನೆ ಮುಗಿಯುವ ಹೊತ್ತಿಗೆ ಗುಡುಗಣ್ಣ ಬಂದ. ಕೋಟಿಲ್ಲ, ದಿಂಬಿಲ್ಲ, ಇಸ್ತ್ರಿ ಮಾಡಿದ ಅಂಗಿ. ಆದರೆ ಎದೆಯವರೆಗೆ ಬಿಳಿ ಗಡ್ಡ!

"ರೀ, ಗಡ್ಡ!" ಹೆಂಡತಿ ಹಲ್ಲು ಕಚ್ಚಿ ಅಂದಳು.

"ಸುಮ್ನಿರೇ," ಎಂದು ಅವನು ಪಿಸುಗುಟ್ಟಿದ್ದಕ್ಕೆ ಇಡೀ ಚರ್ಚು ಸುಮ್ಮನಾಯಿತು.

ಟೀಚರಮ್ಮ ಆರ್ಗನ್ ಬಿಟ್ಟು ಎದ್ದರು. ಪಾದ್ರಿಗಳು ಅವರಿಗೆ ಬನ್ನಿ ಎಂದು ಕೈ ಮಾಡಿದರು. ಪಾಠ ಕೈತಪ್ಪಿತೆಂದು ತಿಳಿದ ಗುಡುಗಣ್ಣ ಓದುವ ಪೀಠದ ಕಡೆ ನೋಡಲಿಲ್ಲ. ಹೋಗಿ ಹುಲ್ಲು ಹಾಸಿ ಯೇಸುಪಾಪುವಿನ ಬೊಂಬೆ ಮಲಗಿಸಿದ್ದ ಗೋದಲಿಯ ಮುಂದೆ ಮಂಡಿಯೂರಿ ತಲೆತಗ್ಗಿಸಿದ.

"ಅಮ್ಮಾ, ನೋಡೇ!" ಮುಂದಿನ ಬೆಂಚಿನ ಪುಟ್ಟಿ ಕೂಗಿದಳು. "ತಾತಾನೂ ಯೇಸುಪಾಪೂಗೆ ಕೈ ಮುಗೀತಿದಾನೆ!"

ಅವಳು ಬೆಂಚಿನಿಂದ ಇಳಿದು ಅವನ ಪಕ್ಕ ಮಂಡಿಯೂರಿದಳು. ಅವಳ ಹಿಂದೆ ಉಳಿದ ಮಕ್ಕಳು, ಕೇಕಿನ ಆಸೆಗಷ್ಟೇ ಬಂದವರೂ ಸೇರಿ.

ಪಾದ್ರಿಗಳು ಮಕ್ಕಳನ್ನು ನೋಡಿದರು, ತಮ್ಮ ಎಂಟು ಹಾಳೆಯ ಪ್ರಸಂಗ ನೋಡಿದರು, ಅದನ್ನು ಮಡಚಿ ಜೇಬಿಗಿಟ್ಟರು.

"ಟೀಚರಮ್ಮ, ಕೂತ್ಕೊಳಿ. ಗುಡುಗಣ್ಣ, ಓದಪ್ಪ."

ಓದಿದ. ದೇವದೂತನನ್ನು ಕಂಡು ಕುರುಬರು ಬೆಚ್ಚಿದ ಕಡೆ ನಾವೂ ಬೆಚ್ಚಿದೆವು.

ಎಲ್ಲ ಮುಗಿದ ಮೇಲೆ ಪಾದ್ರಿಗಳು ಬಾಗಿಲಲ್ಲಿ ಅವನ ಕೈ ಹಿಡಿದುಕೊಂಡರು. ಕಣ್ಣು ತೇವವಾಗಿತ್ತು.

"ಬಜಾರಿನ ತಾತನ್ನೇ ತಂದು ಕರ್ತನ ಪಾದಕ್ಕೆ ಹಾಕ್ಬಿಟ್ಟೆಯಲ್ಲೋ! ನನ್ನ ಎಂಟು ಹಾಳೇಲಿ ಆಗದ್ದು. ಹೇಗಪ್ಪ ಹೊಳೀತು ನಿನಗೆ?"

ಗುಡುಗಣ್ಣ ಕೆನ್ನೆ ಕೆರೆದುಕೊಂಡ.

"ಹೊಳೆಯೋದೇನು ಬಂತು ಅಯ್ಯನವರೇ. ಮಕ್ಕಳು ಎಳೆದೂ ಎಳೆದೂ ಗಡ್ಡದ ದಾರ ಕಿತ್ತು ಹಾಕಿದ್ರು. ರಟ್ಟಿಗೆ ಹಚ್ಚೋ ಗೋಂದು ಬಳ್ಕೊಂಡೆ. ಈಗ ಬಿಡ್ತಾ ಇಲ್ಲ. ಸ್ವಲ್ಪ ಬಿಸಿನೀರಿದ್ರೆ ಕೊಡಿ."