ಭಟ್ಕಳಕ್ಕೆ ಹದಿನಾಲ್ಕು ಸಲ

ಆ ಮಳೆಗಾಲದಲ್ಲಿ ಕುಮಟೆಯಿಂದ ಭಟ್ಕಳಕ್ಕೆ ಬಸ್ ಹತ್ತಿದ ದಿನಗಳಿಗೆಲ್ಲ ಡೈರಿಯಲ್ಲಿ ಕೆಂಪು ಗೆರೆ ಎಳೆದಿದ್ದೇನೆ. ಜೂನ್‌ನಿಂದ ಆಗಸ್ಟ್‌ವರೆಗೆ ಹದಿಮೂರು ಗೆರೆ.

ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಸಹಕಾರಿ ಸಂಘಕ್ಕೆ ಕುಮಟೆ, ಹೊನ್ನಾವರ, ಭಟ್ಕಳದಲ್ಲಿ ಮೂರು ಶಾಖೆ, ಮೂರು ರೂಟರ್. ಇಂಟರ್ನೆಟ್ ಬರುವುದು ಕುಮಟೆಯಿಂದ. ಅದು ಕಡಿದರೆ ಭಟ್ಕಳದಲ್ಲಿ ಇನ್ನೊಂದು ಲೈನು. ಗೊತ್ತಿಲ್ಲದ ವಿಳಾಸಕ್ಕೆ ಹೋಗುವುದನ್ನೆಲ್ಲ ಯಾವ ಕಡೆ ಕಳಿಸಬೇಕು ಎಂಬ ಡೀಫಾಲ್ಟ್ ರೂಟನ್ನು ಪ್ರತಿ ರೂಟರಿನಲ್ಲೂ ಕೈಯಿಂದಲೇ ಬರೆದಿದ್ದರು. ಹೆದ್ದಾರಿ ಬದಿ ಅಗೆಯುವವರು ಕುಮಟೆಯ ಇಂಟರ್ನೆಟ್ ಕೇಬಲ್ ಕಡಿದಾಗಲೆಲ್ಲ ನಾನು ಹೊನ್ನಾವರದಲ್ಲಿಳಿದು ಒಂದು ಸಾಲು ತಿದ್ದಿ, ಭಟ್ಕಳಕ್ಕೆ ಹೋಗಿ ಇನ್ನೊಂದು ಸಾಲು ತಿದ್ದಬೇಕು. ನಾಲ್ಕು ಸಲ ತಪ್ಪು ಬರೆದು ಮರುದಿನ ಮತ್ತೆ ಹೋಗಿದ್ದೆ. ಅದೂ ಡೈರಿಯಲ್ಲಿದೆ.

ಶಾಖೆಗಳ ನಡುವಿನ ಒಳದಾರಿಗಳನ್ನು ರೂಟರುಗಳು ಓಎಸ್‌ಪಿಎಫ್ ಎಂಬ ಏರ್ಪಾಡಿನ ಮೂಲಕ ಆಗಲೇ ಒಂದಕ್ಕೊಂದು ತಿಳಿಸುತ್ತಿದ್ದವು. ಇಂಟರ್ನೆಟ್ಟಿಗೆ ಹೋಗುವ ಹೊರದಾರಿಯನ್ನೂ ಅವೇ ತಿಳಿಸಿಕೊಳ್ಳಲಿ ಎಂದು ಮ್ಯಾನೇಜರಿಗೆ ಹೇಳಿದೆ.

"ನೀ ಎಂತ ದೊಡ್ಡ ಇಂಜಿನಿಯರಾ?" ಎಂದರು ಮ್ಯಾನೇಜರ್. "ಕೆಟ್ರೆ ಮರುದಿನದಿಂದ ಕೆಲ್ಸಕ್ಕೆ ಬರೂದು ಬ್ಯಾಡ."

"ಆತು," ಎಂದೆ.

ಹದಿನಾಲ್ಕನೇ ಸಲ ಹೋದದ್ದು ಕೈಬರಹದ ಸಾಲುಗಳನ್ನು ಅಳಿಸಿ, ರೂಟರುಗಳೇ ಹೊರದಾರಿ ಸಾರುವಂತೆ ಆಜ್ಞೆ ಬರೆಯಲು. ಐದನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕುಮಟೆಯ ಕೇಬಲ್ ಕಡಿಯಿತು. ಭಟ್ಕಳದ ಲೈನು ಸರಿಯಿತ್ತು. ಆದರೂ ಮೂರೂ ಶಾಖೆ ಸ್ತಬ್ಧ.

ಹೊನ್ನಾವರದ ಗುಮಾಸ್ತೆ ಫೋನ್ ಮಾಡಿದಳು: "ಎಂತದೇ ಮಾರಾಯ್ತಿ, ನಿನ್ನ ಹೊಸಾ ದಾರಿ ಸೀದಾ ಸಮುದ್ರಕ್ಕೇ ಹೋತಾ?"

ತಪ್ಪು ನನ್ನದೇ. ಹೊರದಾರಿ ಇದೆ ಎಂದು ಸಾರುವ ಆಜ್ಞೆಗೆ, ಧೈರ್ಯಕ್ಕಿರಲಿ ಎಂದು, 'ಯಾವಾಗಲೂ' ಎನ್ನುವ ಪದವನ್ನೂ ಸೇರಿಸಿದ್ದೆ. ತನ್ನ ಲೈನು ಸತ್ತ ಮೇಲೂ ಕುಮಟೆಯ ರೂಟರು 'ದಾರಿ ಇಲ್ಲೇ ಇದೆ' ಎನ್ನುತ್ತಿತ್ತು, ಉಳಿದೆರಡು ನಂಬಿಕೊಂಡು ಕೂತಿದ್ದವು.

ಕುಮಟೆಯ ರೂಟರಿನಿಂದ ಆ ಒಂದು ಪದ ತೆಗೆದೆ. ಗಡಿಯಾರ ನೋಡಿದೆ. ನಿಮಿಷದೊಳಗೆ ಕುಮಟೆ ಸುಮ್ಮನಾಯಿತು, ಭಟ್ಕಳ ತನ್ನ ದಾರಿಯನ್ನು ಸಾರಿತು.

"ಬಂತೇ, ಬಂತು!" ಹೊನ್ನಾವರದಿಂದ ಕೂಗು.

ಮ್ಯಾನೇಜರ್ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. "ಸಾಕು ನಿನ್ನ ಪ್ರಯೋಗ. ಮೊದ್ಲಿನ ಹಾಂಗೇ ಕೈಯಲ್ಲಿ ಬರೆ."

"ಬರೆಯೂದಿಲ್ಲ, ಸರ್. ಇದ್ರಲ್ಲಿ ಒಂದು ತಪ್ಪು, ಕೈಬರಹದಲ್ಲಿ ನಾಲ್ಕು." ಡೈರಿ ಬಿಚ್ಚಿ ಮುಂದಿಟ್ಟೆ. "ಬೇಕಾದ್ರೆ ನೀವೇ ಬಸ್ ಹತ್ತಿ."

ಅವರು ಡೈರಿಯ ಪುಟ ತಿರುವಿ ನೋಡಿ ಒಳಗೆ ಹೋದರು.

ಮರುದಿನ ಒಂಬತ್ತೂವರೆಗೆ ಹೋಗಿ, ಅವರೆದುರೇ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದೆ. ತಲೆಯೆತ್ತಿ ನೋಡಿ, ಮತ್ತೆ ತಮ್ಮ ಕಡತಕ್ಕೆ ಮರಳಿದರು. ಹದಿನೈದನೇ ಗೆರೆಯನ್ನು ನಾನು ಎಳೆಯಲಿಲ್ಲ.