ಶ್ರಾವಣದಲ್ಲಿ ಕಂಡ ಬಿಲ

ಗಾದೆಪ್ಪನಿಗೆ ಪಂಪಮ್ಮನ ಮೇಲೆ ಹೊಟ್ಟೆಕಿಚ್ಚು ಶುರುವಾದದ್ದು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ. ಅವನು ಬೆಂಚಿನ ಮೇಲೆ ಕೂತು ಆಗಲೇ ಬಹಳ ಹೊತ್ತಾಗಿತ್ತು. ಪಂಪಮ್ಮ ಕಸದ ತಳ್ಳುಗಾಡಿಯನ್ನು ರಸ್ತೆಯಂಚಿಗೆ ನಿಲ್ಲಿಸಿ, ಕೊರಳಿನ ಸೀಟಿಯನ್ನು ಸೆರಗಿನೊಳಗೆ ಸೇರಿಸುತ್ತ ಬಂದಳು. ಅಂಗಡಿಯವನು ಗಾದೆಪ್ಪನಿಗೆಂದು ಸೋಸಿದ ಚಹಾವನ್ನು ಅವಳ ಕಡೆ ಚಾಚಿದ.

"ಅಕಿಗೆ ಊರೆಲ್ಲ ತಿರುಗೋದೈತಿ, ಗಾದೆಪ್ಪ. ನಿನಗೇನು ಅವಸರ? ಕೆರಿಯಾಗ ನೀರಿಲ್ಲ, ನಿನಗ ಕೆಲಸಿಲ್ಲ."

ಬೆಂಚಿನವರೆಲ್ಲ ನಕ್ಕರು. ಪಂಪಮ್ಮ ನಗಲಿಲ್ಲ. "ನೀ ಕುಡಿಯಣ್ಣ, ನನಗ ಆಮ್ಯಾಲ ಕೊಡ್ತಾನ" ಎಂದು ಲೋಟವನ್ನು ಅವನ ಮುಂದಿಟ್ಟಳು. ಅವರ ನಗುವಿಗಿಂತ ಇದೇ ಅವನಿಗೆ ಹೆಚ್ಚು ಚುಚ್ಚಿತು. ತನ್ನದೇ ಚಹಾವನ್ನು ಅವಳ ಕೈಯಿಂದ ಪಡೆದು ಕುಡಿಯಬೇಕಾಯಿತು.

ಅವನು ನೀರುಗಂಟಿ. ಹರಪನಹಳ್ಳಿಗೂ ಕೊಟ್ಟೂರಿಗೂ ನಡುವಿನ ಆ ಊರಿನ ಕೆರೆಗೆ ಅವನ ತಾತ ಇದ್ದ, ಅಪ್ಪ ಇದ್ದ, ಆಮೇಲೆ ಅವನು. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ಹೇಳುವುದು, ಏರಿಯನ್ನು ಕಾಯುವುದು ಅವನ ಕೆಲಸ. ಕೆರೆ ತುಂಬಿದ ವರ್ಷಗಳಲ್ಲಿ ಇದೇ ಬೆಂಚಿನ ಮೇಲೆ ಅವನಿಗೆ ಚಹಾ ಕುಡಿಸಲು ರೈತರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ದೊಡ್ಡ ಜಮೀನಿನವರು ಕೂಡ "ಗಾದೆಪ್ಪಾ, ನಮ್ಮ ಕಡಿ ಸ್ವಲ್ಪ ನೋಡು" ಎಂದು ದನಿ ತಗ್ಗಿಸಿ ಕೇಳುತ್ತಿದ್ದರು. ಆ ತಗ್ಗಿದ ದನಿಯೇ ಅವನ ಆಸ್ತಿ.

ಮೂರು ವರ್ಷ ಮಳೆ ಕೈಕೊಟ್ಟಿತು. ಕೆರೆಯಂಗಳ ಬಿರುಕುಬಿಟ್ಟು ಅಲ್ಲಿ ಜಾಲಿ ಹಬ್ಬಿತು. ಗಾದೆಪ್ಪ ದಿನವೂ ಬೆಳಿಗ್ಗೆ ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು ಬರುತ್ತಿದ್ದ. ಯಾರೂ ನೋಡುತ್ತಿರಲಿಲ್ಲ.

ಆ ಒಣ ವರ್ಷಗಳಲ್ಲೇ ಪಂಪಮ್ಮ ಮೇಲೆ ಬಂದಳು. ನೀಲಗುಂದದಿಂದ ಮದುವೆಯಾಗಿ ಬಂದ ಹೆಣ್ಣು. ಗಂಡ ತೀರಿಕೊಂಡ ಮೇಲೆ ರೊಟ್ಟಿ ಬಡಿದು ಮಾರುತ್ತಿದ್ದಳು. ಪಂಚಾಯ್ತಿಯವರು ಮನೆಮನೆಯ ಕಸ ಎತ್ತುವ ಕೆಲಸವನ್ನು ಹೆಂಗಸರ ಸಂಘಕ್ಕೆ ಕೊಟ್ಟಾಗ ಅದರ ಮುಂದಾಳು ಆದಳು. ಏರಿಯ ಕೆಳಗಿನ ಬಯಲಿನಲ್ಲಿ ತಗಡಿನ ಶೆಡ್ಡು ಎದ್ದಿತು. ಹಸಿ ಕಸ ಅಲ್ಲಿಯ ಗುಂಡಿಗೆ. ಬಾಟಲಿ, ರಟ್ಟು, ತಗಡು ಹರಪನಹಳ್ಳಿಯ ಗುಜರಿಗೆ. ಯೂರಿಯಾ, ಸಿಮೆಂಟಿನ ಖಾಲಿ ಚೀಲಗಳನ್ನು ಮಾತ್ರ ಅವಳು ಮಾರುತ್ತಿರಲಿಲ್ಲ; ತೊಳೆದು, ಒಣಗಿಸಿ, ಮಡಚಿ ಒಟ್ಟಿಡುತ್ತಿದ್ದಳು. ಬೆಳಿಗ್ಗೆ ಸೀಟಿ ಕೇಳಿದರೆ ಹೆಂಗಸರು ಬಕೆಟ್ಟು ಹಿಡಿದು ಬಾಗಿಲಿಗೆ ಬರುತ್ತಿದ್ದರು. "ಪಂಪಕ್ಕ, ತಡಿ ತಡಿ!" ಎನ್ನುತ್ತಿದ್ದರು. ಗಾದೆಪ್ಪನನ್ನು ತಡೆದು ನಿಲ್ಲಿಸಿ ಮಾತಾಡಿಸುವವರು ಆ ಬೀದಿಗಳಲ್ಲಿ ಈಗ ಯಾರೂ ಇರಲಿಲ್ಲ.

ಸಾಲದ್ದಕ್ಕೆ ಅವನ ಹೆಂಡತಿ ಪಕ್ಕೀರಮ್ಮನೂ ಆ ಸಂಘಕ್ಕೆ ಸೇರಿದಳು. ಇಪ್ಪತ್ತು ವರ್ಷ ಮಾತು ಕಡಿಮೆಯಿದ್ದ ಹೆಂಗಸಿಗೆ ಈಗ ಬಾಯಿ ಬಂದಿತ್ತು. ರೊಟ್ಟಿ ಬಡಿಯುತ್ತ ಪಂಪಕ್ಕ ಹಿಂಗಂದ್ಲು, ಪಂಪಕ್ಕ ಹಂಗ ಮಾಡಿದ್ಲು ಎಂದು ಶುರುಮಾಡಿದರೆ ಮುಗಿಯುತ್ತಿರಲಿಲ್ಲ.

"ಲೇ ಪಕ್ಕೀರಿ, ಈ ಮನ್ಯಾಗ ನಾವಿಬ್ರೇ ಅದೀವೋ, ಅಕಿನೂ ಅದಾಳೋ?"

"ಅಕಿ ಇದ್ದಿದ್ರ ಚಲೋ ಇತ್ತು. ನೀ ಮಾತಾಡಿದ್ರ ಬರೀ ಹುಳಿ."

ಎರಡು ಸಾವಿರದ ಐದನೆಯ ಇಸವಿಯ ಬೇಸಿಗೆ. ಕೆರೆಯ ಸುತ್ತ ಗಿಡ ನೆಡಬೇಕೆಂದು ಮೇಲಿನಿಂದ ಆದೇಶ ಬಂತು. ಪಂಚಾಯ್ತಿಯ ಕಾರ್ಯದರ್ಶಿ ಮಂಜಣ್ಣ ಗ್ರಾಮಸಭೆಯಲ್ಲಿ ಓದಿ ಹೇಳಿದ: ಮುನ್ನೂರು ಸಸಿ, ಹೊಂಗೆ ಮತ್ತು ಬೇವು. ಏರಿಯ ಹಿಂಬದಿಯ ಇಳಿಜಾರಿನಲ್ಲಿ ಸಾಲಾಗಿ ನೆಡುವುದು. ಏರಿಯ ಮೇಲೆ ಬಸ್ಸು ಓಡಾಡುತ್ತವೆ, ಹೋಗಿಬರುವವರಿಗೆ ಕಾಣಬೇಕು. ನೆಡುವುದು, ನೀರು ಹಾಕುವುದು ಪಂಪಮ್ಮನ ಸಂಘದ ಪಾಲು.

ಗಾದೆಪ್ಪ ಎದ್ದು ನಿಂತ. "ಏರಿಗೆ ಗುಂಡಿ ತೋಡಬಾರದ್ರಿ, ಸ್ವಾಮಿ. ಏರಿ ಮ್ಯಾಲ ಗರಿಕಿ ಬಿಟ್ಟು ಬ್ಯಾರೆ ಏನೂ ಬೆಳಿಬಾರದು. ಗಿಡ ಬೇಕಂದ್ರ ಕೆರಿ ಆಚಿ ದಂಡಿಗೆ, ಜಾಲಿ ಕಡಿದ ಜಾಗದಾಗ ಹಾಕ್ರಿ."

ಇಷ್ಟಕ್ಕೆ ಕೂತಿದ್ದರೆ ಆಗುತ್ತಿತ್ತು. ಮಂಜಣ್ಣ ಬರೆದುಕೊಳ್ಳಲು ಪೆನ್ನು ಕೂಡ ತೆಗೆದಿದ್ದ. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಪಂಪಮ್ಮ, "ಅಣ್ಣ ಹೇಳೋದು ಖರೆ ಇರಬೇಕ್ರಿ, ಅವ್ರಿಗೆ ಗೊತ್ತಿರ್ತೈತಿ" ಎಂದಳು. ಸಭೆ ಅವಳ ಕಡೆ ತಿರುಗಿ ತಲೆಯಾಡಿಸಿತು. ಮೂರು ತಲೆಮಾರಿನ ನೀರುಗಂಟಿಯ ಮಾತಿಗೆ ಇವಳ ಒಪ್ಪಿಗೆ ಬೇಕಾಯಿತೇ? ಗಾದೆಪ್ಪನ ನಾಲಿಗೆ ಅವನ ಹಿಡಿತ ತಪ್ಪಿತು.

"ಕಸ ಬಳಿಯೋರ ಕೈಗೆ ಕೆರಿ ಕೊಟ್ರ ಇನ್ನೇನಾಕ್ಕೈತಿ? ನಾಳಿಂದ ತೂಬೂ ಅಕೀನ ಎತ್ತಲಿ! ನಾ ಮನ್ಯಾಗ ರೊಟ್ಟಿ ಬಡೀತೀನಿ!"

"ಬಂತು ನೋಡ್ರಿ, ಹೊಟ್ಟಿಯೊಳಗಿಂದು ಹೊರಗ ಬಂತು!" ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆಯೆಲ್ಲ ನಗು. ಮಂಜಣ್ಣ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ. ಪಕ್ಕೀರಮ್ಮ ತಲೆ ತಗ್ಗಿಸಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಳು. ಗಾದೆಪ್ಪ ಹೇಳಿದ್ದು ನಿಜವೋ ಸುಳ್ಳೋ ಎಂದು ಆಮೇಲೆ ಯಾರೂ ಕೇಳಲಿಲ್ಲ. ಅದು ಹೊಟ್ಟೆಕಿಚ್ಚು ಎಂದು ತೀರ್ಮಾನವಾಗಿಹೋಗಿತ್ತು.

ಆರಿದ್ರೆ ಮಳೆಯ ಹೊತ್ತಿಗೆ ಸಸಿ ಬಂದವು. ಗಿಡ ನೋಡಲು ತಾಲ್ಲೂಕಿನ ದೊಡ್ಡ ಸಾಹೇಬರು ಅಂದುಕೊಂಡದ್ದಕ್ಕಿಂತ ಬೇಗ ಬರುತ್ತಾರೆಂದು ತಿಳಿದು, ನೆಡುವ ಕೆಲಸ ಅವಸರಕ್ಕೆ ಬಿತ್ತು. ಶೆಡ್ಡಿನ ಗುಂಡಿಯ ಗೊಬ್ಬರ ಇನ್ನೂ ಪೂರ್ತಿ ಕೊಳೆತಿರಲಿಲ್ಲ. ಮದುವೆ ಛತ್ರದಿಂದ ಬಂದ ಅನ್ನ, ಹೋಳಿಗೆ ಚೂರು, ತೊಗರಿಬೇಳೆ ಎಲ್ಲ ಅದರಲ್ಲಿ ಇದ್ದ ಹಾಗೇ ಇದ್ದವು. ಅದನ್ನೇ ಏರಿಯ ಇಳಿಜಾರಿನಲ್ಲಿ ತೋಡಿದ ಗುಂಡಿಗಳಿಗೆ ತುಂಬಿ ಸಸಿ ನೆಟ್ಟರು. ಒಂದು ತಿಂಗಳಲ್ಲಿ ಹೊಂಗೆಯ ಹೊಸ ಎಲೆ ಎಣ್ಣೆ ಸವರಿದಂತೆ ಹೊಳೆಯತೊಡಗಿತು. ಬಸ್ಸಿನವರು ಕಿಟಕಿಯಿಂದ ಕೈ ತೋರಿಸಿ ನೋಡಿದರು.

ಶ್ರಾವಣದ ಎರಡನೆಯ ಸೋಮವಾರ, ಏರಿಯ ಮೇಲೆ ನಡೆಯುತ್ತಿದ್ದ ಗಾದೆಪ್ಪ ತೂಬಿನ ಹತ್ತಿರದ ಒಂದು ಹೊಂಗೆಯ ಬುಡದಲ್ಲಿ ನಿಂತ. ಹೊಸ ಮಣ್ಣು ಗುಪ್ಪೆ ಬಿದ್ದಿತ್ತು. ಕೂತು ಕೈಯಿಂದ ಸರಿಸಿದ. ಮೊಣಕೈವರೆಗೂ ಕೈ ಹೋಗುವಂಥ ಬಿಲ. ಹೆಗ್ಗಣ. ಅನ್ನದ ವಾಸನೆಗೆ ಬಂದು, ಗುಂಡಿಯಿಂದ ಏರಿಯ ಹೊಟ್ಟೆಗೆ ದಾರಿ ಮಾಡಿತ್ತು.

ಅವನಿಗೆ ಮೊದಲು ಆದದ್ದು ಭಯವಲ್ಲ, ಸಂತೋಷ. ಬಾಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡ ಹಾಗೆ ಆ ಬಿಲದ ವಿಚಾರವನ್ನು ಒಳಗೇ ಇಟ್ಟುಕೊಂಡು ಮನೆಗೆ ಬಂದ. ಯಾರಿಗೂ ಹೇಳಲಿಲ್ಲ. ಕೆರೆಯಲ್ಲಿ ನೀರೇ ಇಲ್ಲ, ಸದ್ಯಕ್ಕೆ ಅಪಾಯವೇನು? ಒಂದು ದಿನ ಎಲ್ಲರಿಗೂ ಗೊತ್ತಾಗುತ್ತದೆ. ಆಗ ಮಂಜಣ್ಣ ಬಂದು, "ನೀ ಹೇಳಿದ್ದೇ ಖರೆ ಆತಲ್ಲೋ ಗಾದೆಪ್ಪ" ಎನ್ನುತ್ತಾನೆ. ಆಗ ಪಂಪಮ್ಮನ ಮುಖ ಹೇಗಿರುತ್ತದೆ? ಉಣ್ಣುವಾಗ, ಮಲಗುವಾಗ ಅವನು ಆ ಮುಖವನ್ನು ಬೇರೆ ಬೇರೆ ಥರ ಮಾಡಿ ನೋಡಿಕೊಂಡ.

ಒಂದು ದಿನ ಸಸಿಗೆ ನೀರು ಹಾಕುತ್ತಿದ್ದ ಅವಳೇ ಅವನನ್ನು ಕರೆದಳು. "ಅಣ್ಣಾ, ಇಲ್ಲಿ ಮಣ್ಣು ಯಾಕೋ ಕೆದರಿದಂಗೈತಿ. ಎಷ್ಟು ನೀರು ಹಾಕಿದ್ರೂ ಕುಡೀತೈತಿ. ಏನದು?"

ಗಾದೆಪ್ಪ ಬಗ್ಗಿ ನೋಡಿದ ಹಾಗೆ ಮಾಡಿದ. "ಏಡಿ ಇರಬೇಕು" ಎಂದ.

"ಏಡಿನಾ? ಹಂಗಾದ್ರ ಚಿಂತಿಲ್ಲ ಅಲ್ಲ?"

"ಏನಿಲ್ಲ."

ಅವಳು ನಂಬಿದಳು. ಅವನು ನಡೆದುಬಿಟ್ಟ. ಬೆನ್ನ ಹಿಂದೆ ಆ ಬಿಲಕ್ಕೆ ಇನ್ನೂ ಒಂದು ಕೊಡ ನೀರು ಸುರಿದ ಸದ್ದು ಕೇಳಿತು.

ಉತ್ತರೆ ಮಳೆ ಜಡಿಯಿತು. ಅದರ ಹಿಂದೆಯೇ ಹಸ್ತ ಮಳೆ ಐದು ದಿನ ಬಿಡಲಿಲ್ಲ. ಹಳ್ಳಗಳು ಕೂಡಿ ಬಂದು ಕೆರೆ ಕೋಡಿಯ ಮಟ್ಟಕ್ಕೆ ಏರಿತು. ಊರು ಏರಿಯ ಮೇಲೆ ನೆರೆದು ನೀರಿಗೆ ಕೈಮುಗಿಯಿತು. ರೈತರು ಮತ್ತೆ "ಗಾದೆಪ್ಪಾ" ಎಂದು ಕರೆದರು. ಅವನು ಆ ದನಿಗೆ ಹಿಗ್ಗಬೇಕಿತ್ತು. ಆದರೆ ಅವನ ಕಣ್ಣು ಆ ಹೊಂಗೆಯ ಬುಡಕ್ಕೇ ಹೋಗುತ್ತಿತ್ತು.

ಆರನೆಯ ದಿನ ಬೆಳಿಗ್ಗೆ ಮಳೆ ನಿಂತಿತ್ತು. ಹಿಂಬದಿಯ ಇಳಿಜಾರಿನಲ್ಲಿ, ಹೊಂಗೆಯಿಂದ ಎರಡು ಮಾರು ಕೆಳಗೆ, ಬೆರಳು ಗಾತ್ರದ ನೀರು ಒಸರುತ್ತಿತ್ತು. ಗಾದೆಪ್ಪ ಬೊಗಸೆ ಹಿಡಿದ. ನೀರು ತಿಳಿಯಾಗಿತ್ತು. ತಿಳಿನೀರು ಒಸರಿದರೆ ಹೆದರಬೇಕಾಗಿಲ್ಲ. ಬಗ್ಗಡ ಬಂದರೆ ಒಳಗಿನಿಂದ ಏರಿಯೇ ಕರಗಿ ಬರುತ್ತಿದೆ ಎಂದರ್ಥ. ಅವನು ಬೊಗಸೆ ಚೆಲ್ಲಿ ಮತ್ತೆ ಹಿಡಿದ. ಕೆಳಗೆ ತಗಡಿನ ಶೆಡ್ಡಿನಲ್ಲಿ ಹೆಂಗಸರ ಮಾತು, ನಗು. ಅದರಲ್ಲಿ ಪಕ್ಕೀರಮ್ಮನ ದನಿ. ಅವಳು ಯಾವುದೋ ಮಾತಿಗೆ ತಡೆಯಲಾರದೆ ನಗುತ್ತಿದ್ದಳು. ಮೂರನೆಯ ಬೊಗಸೆಯಲ್ಲಿ ಅವನ ಅಂಗೈಯ ಗೆರೆಗಳು ಕಾಣಲಿಲ್ಲ.

ಅವನು ಬೀಳುತ್ತ ಏಳುತ್ತ ಇಳಿದು ಓಡಿದ. "ಹೊರಗ ಬರ್ರಿ! ಎಲ್ರೂ ಹೊರಗ ಬರ್ರಿ! ಏರಿ ಬಗ್ಗಡ ಉಗುಳಾಕತ್ತೈತಿ!"

ಪಂಪಮ್ಮ ಮೊದಲು ಬಂದಳು. ಅವನ ಜೊತೆ ಹತ್ತಿ ನೋಡಿದಳು. ಮಣ್ಣು ಬಣ್ಣದ ನೀರು ಈಗ ಮುಷ್ಟಿ ಗಾತ್ರವಾಗಿತ್ತು. ಅವಳು ಹೊಂಗೆಯ ಬುಡವನ್ನು ನೋಡಿದಳು, ಅವನನ್ನು ನೋಡಿದಳು.

"ಏಡಿ ಅಂದಿದ್ದಿಯಲ್ಲಣ್ಣ?"

"ಹೆಗ್ಗಣ."

"ಯಾವಾಗ ಗೊತ್ತಾತು?"

ಪಕ್ಕೀರಮ್ಮ ಆಗಲೇ ಹಿಂದೆ ಬಂದು ನಿಂತಿದ್ದಳು. "ಶ್ರಾವಣದಾಗ" ಎಂದ ಗಾದೆಪ್ಪ.

ಪಂಪಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಆತು. ಈಗ ಏನ್ ಮಾಡಬೇಕು, ಹೇಳು."

"ಮಣ್ಣು ತುಂಬಾಕ ಚೀಲ ಬೇಕು. ನೂರಾರು ಬೇಕು. ಎಲ್ಲಿಂದ ತರೋದು?"

"ಚೀಲ ಅದಾವು" ಎಂದು ಅವಳು ಶೆಡ್ಡಿನತ್ತ ತಿರುಗಿ ಸೀಟಿ ಊದಿದಳು.

ತೊಳೆದು ಮಡಚಿಟ್ಟ ಚೀಲಗಳು ಹೆಂಗಸರ ಕೈಯಿಂದ ಕೈಗೆ ಮೇಲೆ ಬಂದವು. ಬಾಯಿ ಕಟ್ಟಲು ಸುತಳಿ ಕೂಡ ಉಂಡೆ ಮಾಡಿ ಇಟ್ಟಿದ್ದಳು. ಅಂಥ ಹೊತ್ತಿನಲ್ಲೂ ಗಾದೆಪ್ಪನಿಗೆ ಅದು ಕಣ್ಣಿಗೆ ಕುಕ್ಕಿತು. ಅವನು ಕೆರೆಯ ಕಡೆ ನೀರಿಗಿಳಿದ. ಎದೆಮಟ್ಟದ ನೀರಿನಲ್ಲಿ ಕಾಲಿನಿಂದ ಏರಿಯನ್ನು ತಡವುತ್ತ ಹೋದ. ಒಂದು ಕಡೆ ನೀರು ಅವನ ಪಾದವನ್ನು ಒಳಕ್ಕೆ ಎಳೆಯಿತು. "ಇಲ್ಲೈತಿ!" ಎಂದು ಕೂಗಿ, ಹುಲ್ಲು ಮತ್ತು ಜಿಗಟು ಮಣ್ಣಿನ ಉಂಡೆಗಳನ್ನು ಮುಳುಗಿ ಮುಳುಗಿ ತುರುಕಿದ. ಹೆಂಗಸರು ಮಣ್ಣು ತುಂಬಿ, ಅಲ್ಲಿಗೆ ಚೀಲದ ಮೇಲೆ ಚೀಲ ಇಳಿಸಿದರು. ಹಿಂಬದಿಯಲ್ಲಿ ಪಂಪಮ್ಮ ಅವನು ಹೇಳಿದಂತೆ ಮರಳು, ಜಲ್ಲಿ ಸುರಿಸಿದಳು. ಊರಿನ ಗಂಡಸರು ಬಂದು ಸೇರುವ ಹೊತ್ತಿಗೆ ಒಸರು ಮತ್ತೆ ತಿಳಿಯಾಗಿತ್ತು.

ಸಂಜೆಯ ಹೊತ್ತಿಗೆ ಕತೆ ಚಹಾದಂಗಡಿಗೆ ಮುಟ್ಟಿತ್ತು: ಪಂಪಮ್ಮನ ಚೀಲ ಏರಿಯನ್ನು ಉಳಿಸಿದವು. ಒದ್ದೆ ಧೋತರದಲ್ಲಿ ಕೂತಿದ್ದ ಗಾದೆಪ್ಪ ಅದನ್ನು ಪೂರ್ತಿ ಕೇಳಿದ.

ಪಕ್ಕೀರಮ್ಮ ಅವತ್ತಿನಿಂದ ಅವನ ಜೊತೆ ಮಾತಾಡಲಿಲ್ಲ. ರೊಟ್ಟಿ ಬಡಿದು, ತಟ್ಟೆಯನ್ನು ನೆಲದ ಮೇಲಿಟ್ಟು ಹೋಗುತ್ತಿದ್ದಳು. ಪಂಪಕ್ಕನ ಹೆಸರೂ ಮನೆಯಲ್ಲಿ ಕೇಳದಾಯಿತು. ಅವನು ಅದಕ್ಕಾಗಿ ಹಂಬಲಿಸುವ ದಿನ ಬಂದೀತೆಂದು ಅಂದುಕೊಂಡಿರಲಿಲ್ಲ.

ಎಂಟನೆಯ ದಿನ ಸಭೆ ಸೇರಿತು. ಏರಿಯ ಮೇಲಿನ ಸಸಿಗಳನ್ನು ಬೇರು ಸಮೇತ ಕಿತ್ತು ಕೆರೆಯ ಆಚೆ ದಂಡೆಯಲ್ಲಿ ನೆಡಬೇಕು, ಗುಂಡಿಗಳನ್ನು ಜಿಗಟು ಮಣ್ಣು ಹಾಕಿ ಬಡಿದು ಮುಚ್ಚಬೇಕು ಎಂದು ತೀರ್ಮಾನವಾಯಿತು. ಆಮೇಲೆ ಮಂಜಣ್ಣ ಕೇಳಿದ: "ವರದಿ ಬರೀಬೇಕು. ಬಿಲ ಬಿದ್ದಿದ್ದು ಯಾವಾಗ ಗೊತ್ತಾತು? ಪಂಪಮ್ಮ, ನೀನ ಹೇಳವ್ವ."

ಗಾದೆಪ್ಪ ಕಣ್ಣು ಮುಚ್ಚಿಕೊಂಡ. ಬರೋದು ಬರಲಿ ಎಂದುಕೊಂಡ.

ಪಂಪಮ್ಮ ಎದ್ದಳು. "ಅವತ್ತ ಬೆಳಿಗ್ಗಿರಿ. ಗಾದೆಪ್ಪಣ್ಣ ನೋಡಿದ, ನೋಡಿದ್ದ ತಡ ಓಡಿ ಬಂದ. ಅವ ಇರಲಿಲ್ಲಂದ್ರ ನಾವ್ಯಾರೂ ಇರ್ತಿರಲಿಲ್ಲ."

ಸಭೆ ಗೌರವದಿಂದ ಅವನ ಕಡೆ ತಿರುಗಿತು. ಮೂರು ವರ್ಷದಿಂದ ಅವನು ಕಾಯುತ್ತಿದ್ದ ನೋಟ ಅದು. ಈಗ ಅದೂ ಅವಳು ಎತ್ತಿ ಕೊಟ್ಟದ್ದೇ ಆಗಿತ್ತು. ಅವಳು ಅವನ ಕಡೆ ನೋಡಲೂ ಇಲ್ಲ; ಸೀರೆ ಸರಿಮಾಡಿಕೊಂಡು ಕೂತಳು.

ಗಾದೆಪ್ಪ ಎದ್ದ. "ಸುಳ್ಳ್ರಿ" ಎಂದ. "ಅಕಿ ಸುಳ್ಳು ಹೇಳ್ತಾಳ. ನಾ ಶ್ರಾವಣದಾಗ ನೋಡಿದ್ದೆ. ಅಕಿ ಕೇಳಿದ್ರೂ ಏಡಿ ಅಂದಿದ್ದೆ. ಅಕಿ ಹೆಸರು ಕೆಡ್ಲಿ ಅಂತ ಸುಮ್ಮನಿದ್ದೆ. ಬರಕೊಳ್ರಿ."

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಏರಿಯ ಕೆಳಗೆ ಗದ್ದೆಯಿದ್ದವರು ಕೈ ಎತ್ತಿಕೊಂಡು ಎದ್ದರು. ಆ ಬೆಳೆಗೆ ತೂಬು ಎತ್ತುವ ಕೆಲಸ ಅವನಿಂದ ಹೋಯಿತು. ಅವನ ತಮ್ಮನ ಮಗನಿಗೆ ಕೊಟ್ಟರು. ಮುಂದಿನ ವರ್ಷ ನೋಡೋಣ ಎಂದರು. ಗಾದೆಪ್ಪ ವಾದಿಸಲಿಲ್ಲ.

ಮನೆಯ ದಾರಿಯಲ್ಲಿ ಪಕ್ಕೀರಮ್ಮ ಹತ್ತು ಹೆಜ್ಜೆ ಹಿಂದೆ ಬರುತ್ತಿದ್ದಳು. ಊರಬಾಗಿಲ ಅಗಸೆಯ ಹತ್ತಿರ ಬೇಗಬೇಗ ಬಂದು ಅವನ ಪಕ್ಕಕ್ಕಾದಳು.

"ಅಲ್ಲಪಾ, ಅಕಿ ಅಷ್ಟು ಚಂದ ಮುಚ್ಚಿದ್ಲು. ನೀನ್ಯಾಕ ಬಿಚ್ಚಿದಿ?"

ಎಂಟು ದಿನಗಳ ಮೇಲೆ ಕೇಳಿದ ದನಿ. ಗಾದೆಪ್ಪ ನಿಂತುಬಿಟ್ಟ.

"ಚಹಾ ಅಕೀದು, ಚೀಲ ಅಕೀದು, ಊರು ಅಕೀದು, ನೀನೂ ಅಕಿಯಾಕಿ" ಎಂದ. "ತಪ್ಪಾದ್ರೂ ನಂದಾಗಿರ್ಲಿ."

ಪಕ್ಕೀರಮ್ಮ ಅವನ ಮುಖ ನೋಡಿದಳು. ನಗಬೇಕೋ ಬೇಡವೋ ಎಂದು ತಿಳಿಯದೆ ಬಾಯಿಗೆ ಸೆರಗು ಒತ್ತಿಕೊಂಡಳು. "ಎಂಥಾ ಹೊಟ್ಟಿಕಿಚ್ಚಪ್ಪ ನಿಂದು" ಎಂದಳು. "ನಡಿ. ನಾಳಿ ಸಸಿ ಕೀಳಾಕ ಹೋಗೋದೈತಿ. ಯಾವ ಜಾಗದಾಗ ಬೇರು ಹಿಡೀತೈತಿ ಅನ್ನೋದು ಪಂಪಕ್ಕಗ ತಿಳಿಯಂಗಿಲ್ಲ. ನೀ ಬಂದು ತೋರಿಸು."

"ಅಕಿಗೆ ತಿಳಿಯಂಗಿಲ್ಲ ಅಂದಿ?"

"ಇಲ್ಲ, ತಿಳಿಯಂಗಿಲ್ಲ."

"ಇನ್ನೊಂದ್ಸಲ ಅನ್ನು."